ಪಿಎಸ್4, ಮೂರು ನ್ಯಾಟ್, ಒಂದು ಜೀನ್ಸ್ ಯುನಿಟ್: ಕೌಲ್ ಬಜಾರಿನ ಮನೆಯಲ್ಲಿ ರೂಟರ್ ಹೊಂದಿಸಿದ ಕೆಲಸ

ಸ್ಪೀಡ್ ಟೆಸ್ಟ್ ಹಾಕಿದರೆ ಡೌನ್‌ಲೋಡ್ 96, ಅಪ್‌ಲೋಡ್ 48 ಎಂಬಿಪಿಎಸ್. ನೋಡೋಕೆ ಏನೂ ಕೊರತೆ ಇಲ್ಲ. ಆದರೂ ಸಂಜೆ ಪಿಎಸ್4ರಲ್ಲಿ, ಅಂದರೆ ಟಿವಿಗೆ ಹಾಕಿ ಆಡುವ ಪ್ಲೇಸ್ಟೇಷನ್ 4 ಕನ್ಸೋಲ್‌ನಲ್ಲಿ, ಆನ್‌ಲೈನ್ ಆಟಕ್ಕೆ ಕೂತರೆ ಇಲ್ಲಿದ್ದ ಎದುರಾಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿರುತ್ತಾನೆ. ಪಾರ್ಟಿ ಚಾಟ್‌ನಲ್ಲಿ ಹೊಸಪೇಟೆಯ ಗೆಳೆಯನ ದನಿ ಕೇಳುತ್ತದೆ, ರಾಯಚೂರಿನವನದ್ದು ಕೇಳುವುದಿಲ್ಲ. ತಾನೇ ರೂಮ್ ಮಾಡಿ ಕರೆದರೆ ಯಾರೂ ಒಳಗೆ ಬರೋಕೆ ಆಗುವುದಿಲ್ಲ. ಅಕ್ಕನ ಮಗನ ದೂರು ಇಷ್ಟು. ಪರಿಹಾರವನ್ನೂ ಅವನೇ ಹುಡುಕಿಟ್ಟಿದ್ದ: ಆರು ಆಂಟೆನಾ, ಕೆಂಪು ದೀಪ, ಡಬ್ಬದ ಮೇಲೆ ಡ್ರ್ಯಾಗನ್ ಚಿತ್ರ ಇರುವ ಗೇಮಿಂಗ್ ರೂಟರ್. ಅದರ ಬೆಲೆ ನೋಡಿ ಭಾವ ಮಾತಾಡದೆ ಫೋನನ್ನು ನನ್ನ ಕೈಗೆ ಕೊಟ್ಟರು.

ಅದು ಬೇಡ ಅಂದೆ. ಲೈನಿನಲ್ಲಿ ಸ್ಪೀಡ್ ಇದೆ, ಅದು ಕನ್ಸೋಲ್‌ವರೆಗೆ ಸರಿಯಾಗಿ ಮುಟ್ಟುತ್ತಿಲ್ಲ ಅಷ್ಟೇ. ಡ್ರ್ಯಾಗನ್ ತಂದು ಅದೇ ಜಾಗದಲ್ಲಿ ಇಟ್ಟಿದ್ದರೂ ಇದೇ ಕತೆ ಆಗುತ್ತಿತ್ತು.

ಮೊದಲು ಮನೆ ಹೇಗಿದೆ ಹೇಳಿಬಿಡುತ್ತೇನೆ, ಯಾಕಂದರೆ ಅರ್ಧ ಸಮಸ್ಯೆ ಅಲ್ಲೇ ಇದೆ. ಬಳ್ಳಾರಿಯ ಕೌಲ್ ಬಜಾರಿನ ಹಳೇ ಕಲ್ಲಿನ ಮನೆ. ಗೋಡೆ ಒಂದೂವರೆ ಅಡಿ ದಪ್ಪ. ಮುಂದಿನ ಕೋಣೆಯಲ್ಲಿ ಭಾವನ ಜೀನ್ಸ್ ಹೊಲಿಯುವ ಯುನಿಟ್, ಅಲ್ಲೇ ಮೀಟರ್ ಬೋರ್ಡ್ ಪಕ್ಕ ಫೈಬರ್‌ನವರು ಕೊಟ್ಟ ಡಬ್ಬ, ಅಂದರೆ ಒಎನ್‌ಟಿ. ಅದರಿಂದ ಒಂದು ವೈರು ಪಡಸಾಲೆಗೆ ಬಂದು ಇನ್ನೊಂದು ರೂಟರ್‌ಗೆ ಸೇರುತ್ತದೆ. ಆ ರೂಟರ್ ಟಿವಿ ಶೋಕೇಸಿನ ಒಳಗೆ, ಗಾಜಿನ ಬಾಗಿಲ ಹಿಂದೆ, ಸೆಟ್‌ಟಾಪ್ ಬಾಕ್ಸಿನ ಮೇಲೆ ಕೂತಿತ್ತು. ಅಳಿಯನ ಕೋಣೆ ಮಾಳಿಗೆ ಮೇಲೆ. ಅವನ ಕನ್ಸೋಲ್ ಸೆಕೆಂಡ್ ಹ್ಯಾಂಡ್ ಪಿಎಸ್4, ಅದೂ 2013ರ ಮೊದಲ ದಪ್ಪ ಮಾಡೆಲ್.

ಈ ಮಾಡೆಲ್ ಯಾವುದು ಅನ್ನೋದು ಮುಖ್ಯ. ಮೊದಲ ಪಿಎಸ್4ರ ವೈಫೈ 2.4 ಗಿಗಾಹರ್ಟ್ಸ್ ಮಾತ್ರ. 5 ಗಿಗಾಹರ್ಟ್ಸ್ ಬಂದಿದ್ದು 2016ರ ಸ್ಲಿಮ್ ಮತ್ತು ಪ್ರೊ ಮಾಡೆಲ್‌ಗಳಲ್ಲಿ. ಹಾಗಾಗಿ ರೂಟರ್ ಎಷ್ಟೇ ದುಬಾರಿ ಇರಲಿ, ಈ ಕನ್ಸೋಲ್ ಹಳೇ 2.4ರ ಗದ್ದಲದಲ್ಲೇ ಒದ್ದಾಡಬೇಕು. ಮಾಳಿಗೆ ಮೇಲೆ ನಿಂತು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಅಕ್ಕಪಕ್ಕದವರ ವೈಫೈ ಹೆಸರು ಇಪ್ಪತ್ತಕ್ಕೂ ಜಾಸ್ತಿ ಬಂದವು. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರೋದೇ ಮೂರು: 1, 6, 11. ಇಪ್ಪತ್ತು ಮನೆಯವರು ಆ ಮೂರರಲ್ಲಿ ಹಂಚಿಕೊಂಡರೆ ಆಟಕ್ಕೆ ಎಲ್ಲಿ ಜಾಗ?

ಪಿಎಸ್4ರಲ್ಲೇ ಸೆಟ್ಟಿಂಗ್ಸ್, ನೆಟ್‌ವರ್ಕ್, ಟೆಸ್ಟ್ ಇಂಟರ್ನೆಟ್ ಕನೆಕ್ಷನ್ ಅಂತ ಇದೆ. ಹಾಕಿದೆ. ನ್ಯಾಟ್ ಟೈಪ್ 3 ಅಂತ ಬಂತು. ನ್ಯಾಟ್ ಅಂದರೆ ಒಂದೇ ಹೊರವಿಳಾಸವನ್ನು ಒಳಗಿನ ಎಲ್ಲರೂ ಹಂಚಿಕೊಳ್ಳುವ ಏರ್ಪಾಡು. ಟೈಪ್ 1 ಅಂದರೆ ಕನ್ಸೋಲ್ ನೇರ ಇಂಟರ್ನೆಟ್ಟಿಗೆ ಸಿಕ್ಕಿಸಿದ ಹಾಗೆ. ಟೈಪ್ 2 ಅಂದರೆ ರೂಟರ್ ಹಿಂದೆ ಇದೆ, ಆದರೆ ದಾರಿ ತೆರೆದಿದೆ. ಮನೆಗೆ ಬೇಕಾಗಿರೋದು ಇದೇ. ಟೈಪ್ 3 ಅಂದರೆ ಹೊರಗಿನವರು ತಾವಾಗಿ ಬಂದು ಮುಟ್ಟೋಕೆ ಆಗಲ್ಲ. ಎಕ್ಸ್‌ಬಾಕ್ಸ್‌ನಲ್ಲಿ ಇದನ್ನೇ ಓಪನ್, ಮಾಡರೇಟ್, ಸ್ಟ್ರಿಕ್ಟ್ ಅಂತ ತೋರಿಸುತ್ತದೆ.

ಪಡಸಾಲೆ ರೂಟರ್‌ಗೆ ಲ್ಯಾಪ್‌ಟಾಪ್ ಹಾಕಿ ಟ್ರೇಸ್‌ರೂಟ್ ಓಡಿಸಿದೆ, ದಾರಿಯಲ್ಲಿ ಸಿಗುವ ಡಬ್ಬಗಳ ವಿಳಾಸವನ್ನು ಒಂದೊಂದಾಗಿ ತೋರಿಸುತ್ತದೆ ಅದು. ಮೊದಲ ಸಾಲು 192.168.0.1, ಎರಡನೇದು 192.168.1.1, ಮೂರನೇದು 100.72ರಿಂದ ಶುರು. ಮೂರೂ ಹೊರಗಿನ ಇಂಟರ್ನೆಟ್ಟಿಗೆ ಕಾಣದ ಒಳವಿಳಾಸಗಳು. ಅಲ್ಲಿಗೆ ಕತೆ ಗೊತ್ತಾಯಿತು. ಒಂದಲ್ಲ, ಮೂರು ನ್ಯಾಟ್.

ನ್ಯಾಟ್ ಅಂದರೇನು ಅಂತ ಅಳಿಯ ಕೇಳಿದ. ಒಂದೇ ವಿಳಾಸ ಇರುವ ದೊಡ್ಡ ವಠಾರ ಅಂದುಕೋ ಅಂದೆ. ಒಳಗಿಂದ ನೀನು ಕಾಗದ ಹಾಕಿದ್ದರೆ ಬಾಗಿಲಲ್ಲಿ ಕೂತವನು ಬರೆದಿಟ್ಟುಕೊಂಡಿರುತ್ತಾನೆ, ಉತ್ತರ ಬಂದಾಗ ನಿನಗೇ ಕೊಡುತ್ತಾನೆ. ಕೇಳದೆ ಯಾರಾದರೂ ಹೊಸಬ ಬಂದರೆ, ಯಾರ ಮನೆಗೆ ಬಂದದ್ದು ಅಂತ ಗೊತ್ತಾಗದೆ ವಾಪಸ್ ಕಳಿಸುತ್ತಾನೆ. ನಿಮ್ಮ ಮನೆಗೆ ಅಂಥ ಬಾಗಿಲು ಮೂರು: ಪಡಸಾಲೆ ರೂಟರ್, ಒಎನ್‌ಟಿ, ಆಮೇಲೆ ಫೈಬರ್‌ನವರದ್ದೇ ಒಂದು. ಆಟದ ಸರ್ವರ್‌ಗೆ ನೀನೇ ಹೋಗುತ್ತೀಯ, ಅದಕ್ಕೆ ತೊಂದರೆ ಇಲ್ಲ. ಪಾರ್ಟಿ ಚಾಟ್‌ನಲ್ಲಿ, ನೀನು ಮಾಡಿದ ರೂಮ್‌ನಲ್ಲಿ ಬೇರೆಯವರ ಕನ್ಸೋಲ್ ನಿನ್ನ ಹತ್ತಿರ ಬರಬೇಕಲ್ಲ, ಅಲ್ಲಿ ಕೆಡುತ್ತದೆ.

"ಹಂಗಾದ್ರ ಹೊಸಪೇಟೆಯವನದು ಹೆಂಗ ಕೇಳ್ತದ ಮಾಮಾ?" ಅಂದ. ಒಳ್ಳೆ ಪ್ರಶ್ನೆ. ಅವನದ್ದು ಟೈಪ್ 2 ಇತ್ತು, ಅವನ ಕಡೆ ಬಾಗಿಲು ತೆರೆದಿದ್ದರಿಂದ ಹೇಗೋ ಕೂಡಿಕೊಳ್ಳುತ್ತಿತ್ತು. ರಾಯಚೂರಿನವನದ್ದೂ ಟೈಪ್ 3. ಎರಡೂ ಕಡೆ ಮುಚ್ಚಿದ್ದರೆ ಸೇರೋದು ಕಷ್ಟ.

ಮೊದಲ ಕೆಲಸ ವೈರು. ಆನ್‌ಲೈನ್ ಆಟಕ್ಕೆ ವೈಫೈ ಬಿಟ್ಟು ಲ್ಯಾನ್ ಕೇಬಲ್ ಎಳೆದರೆ ಅರ್ಧ ತಲೆನೋವು ಹೋಗುತ್ತದೆ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬೆಂಗಳೂರು ರಸ್ತೆಯ ಅಂಗಡಿಯಲ್ಲಿ ಕ್ಯಾಟ್6 ಕೇಳಿದರೆ ಮೊದಲು ಅಗ್ಗದ ಸುರುಳಿ ಮುಂದಿಟ್ಟರು. ಒಂದು ತುದಿ ಬಿಡಿಸಿ ಒಳಗಿನ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ಮೇಲೆ ಮಾತ್ರ ತಾಮ್ರದ ಲೇಪ. ಬಾಗಿಸಿದರೆ ಬೇಗ ಮುರಿಯುತ್ತದೆ, ತುದಿಗೆ ಒತ್ತಿ ಕೂರಿಸುವ ಪ್ಲಗ್ಗಿನ ಹಿಡಿತ, ಅಂದರೆ ಕ್ರಿಂಪ್, ಕೂಡ ನಿಲ್ಲಲ್ಲ. ಪೂರ್ತಿ ತಾಮ್ರದ್ದು ತಗೊಳ್ಳಿ. ಹಾಗೆ ನೋಡಿದರೆ ಕ್ಯಾಟ್5ಇ ಕೂಡ 100 ಮೀಟರ್‌ವರೆಗೆ 1 ಗಿಗಾಬಿಟ್ ಹೊರುತ್ತದೆ, ಹಳೇದು ಮನೆಯಲ್ಲಿದ್ದರೆ ಅದೇ ಸಾಕು. ನಾವು ತಂದದ್ದು ಹೊರಗೆ ಹಾಕುವ ಕಪ್ಪು ಕವಚದ್ದು, ಯಾಕಂದರೆ ಬಳ್ಳಾರಿ ಬಿಸಿಲಿಗೆ ಒಳಮನೆಯ ಬೂದು ಕೇಬಲ್ ಒಂದೆರಡು ಬೇಸಿಗೆಗೇ ಸೀಳು ಬಿಡುತ್ತದೆ.

ಕಲ್ಲಿನ ಗೋಡೆ ಕೊರೆಯುವ ಗೋಜಿಗೆ ಹೋಗಲಿಲ್ಲ. ಪಡಸಾಲೆಯ ವೆಂಟಿಲೇಟರ್‌ನಿಂದ ಹೊರಗೆ ತೆಗೆದು, ಸಂದಿಯ ಗೋಡೆಗುಂಟ ಪಿವಿಸಿ ಪೈಪಿನಲ್ಲಿ ಏರಿಸಿ, ಮೇಲಿನ ಕೋಣೆಯ ಕಿಟಕಿ ಚೌಕಟ್ಟಿನಲ್ಲಿ ಒಳಗೆ ತಂದೆವು. ಪೈಪ್ ಯಾಕೆ ಅಂತ ಭಾವ ಕೇಳಿದರು. ಬಿಸಿಲಿಗೆ ಒಂದು, ಕೋತಿಗೆ ಇನ್ನೊಂದು. ಡಿಶ್ ಬಿಡದ ಕೋತಿಗಳು ಜೋತಾಡೋ ವೈರ್ ಬಿಡ್ತಾವಾ?

ತುದಿ ಕಟ್ಟುವಾಗ ಸಮಾಧಾನ ಬೇಕು. ಕವಚ ಒಂದು ಇಂಚು ಬಿಡಿಸಿ, ನಾಲ್ಕು ಜೋಡಿ ಸಿಂಬೆ ಬಿಚ್ಚಿ, ಬೆರಳಲ್ಲಿ ನೇರ ಮಾಡಿ ಸಾಲಾಗಿ ಹಿಡಿಯಬೇಕು. ಪ್ಲಗ್ಗಿನ ಚಿಲಕ ಕೆಳಗಿದ್ದಾಗ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯ ಎರಡೂ ಬದಿಗೆ ಒಡೆದು ಕೂರುತ್ತದೆ. ಎಡವೋದು ಅಲ್ಲೇ, ಹಸಿರಿನ ಪಕ್ಕ ಹಸಿರು ಇಟ್ಟುಬಿಡುತ್ತಾರೆ. ಟೆಸ್ಟರ್‌ನಲ್ಲಿ ಎಂಟೂ ದೀಪ ಸಾಲಾಗಿ ಉರಿದರೂ ಜೋಡಿ ತಪ್ಪಿರುತ್ತದೆ, ಆಮೇಲೆ ಲಿಂಕ್ ಬಿಟ್ಟು ಬಿಟ್ಟು ಬರುತ್ತದೆ. ಸಾಲು ಹಿಡಿದ ಮೇಲೆ ತುದಿ ಒಂದೇ ಮಟ್ಟಕ್ಕೆ ಕತ್ತರಿಸಿ ಪ್ಲಗ್ಗಿಗೆ ತಳ್ಳಿ. ಎಂಟು ತಾಮ್ರದ ಚುಕ್ಕೆ ಪ್ಲಗ್ಗಿನ ಮುಂದಿನ ಗೋಡೆಗೆ ಮುಟ್ಟಿರೋದು ಕಾಣಬೇಕು, ಹಿಂದೆ ಕವಚ ಕ್ಲಾಂಪಿನ ಕೆಳಗೆ ಸಿಕ್ಕಿರಬೇಕು. ಆಮೇಲೆ ಒತ್ತಿ. ಪಿಎಸ್4ರಲ್ಲಿ ಲ್ಯಾನ್ ಕೇಬಲ್, ಈಜಿ ಅಂತ ಆರಿಸಿದೆವು, ಅಷ್ಟೇ. ಎದುರಾಳಿ ಹಾರೋದು ಹಗಲು ಹೊತ್ತು ನಿಂತೇಹೋಯಿತು. ಸಂಜೆ ಮಾತ್ರ ಇನ್ನೂ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಕೆಲಸ ಬಾಗಿಲು ಕಮ್ಮಿ ಮಾಡೋದು. ಎರಡು ರೂಟರ್ ಇದ್ದಾಗ ದಾರಿ ಮೂರು. ಒಳಗಿನ ರೂಟರ್ ಅನ್ನು ಬರೀ ವೈಫೈ ಹಂಚುವ ಆಕ್ಸೆಸ್ ಪಾಯಿಂಟ್ ಮಾಡಬಹುದು, ಆಗ ನ್ಯಾಟ್ ಕೆಲಸ ಒಎನ್‌ಟಿ ಒಂದೇ ಮಾಡುತ್ತದೆ. ಒಎನ್‌ಟಿಯಲ್ಲಿ ಡಿಎಂಝೆಡ್ ಹಾಕಿ, ಬಂದದ್ದನ್ನೆಲ್ಲ ಒಳಗಿನ ರೂಟರ್‌ಗೆ ತಳ್ಳು ಅನ್ನಬಹುದು. ಇಲ್ಲವೇ ಒಎನ್‌ಟಿಯನ್ನೇ ಬ್ರಿಡ್ಜ್ ಮಾಡಿ, ಅಂದರೆ ಬಂದದ್ದನ್ನು ಹಾಗೇ ದಾಟಿಸುವ ಸೇತುವೆ ಮಾಡಿ, ಒಳಗಿನ ರೂಟರ್‌ನಿಂದ ಪಿಪಿಪಿಒಇ, ಅಂದರೆ ಕಂಪನಿ ಕೊಟ್ಟ ಹೆಸರು-ಪಾಸ್‌ವರ್ಡಿನ, ಲಾಗಿನ್ ಆಗಬಹುದು. ಬೇರೇನೂ ಬೇಡ ಅನ್ನುವವರಿಗೆ ಮೊದಲನೆಯದೇ ಸುಲಭ. ನನಗೆ ಬೇಕಿದ್ದದ್ದು ಮೂರನೆಯದು, ಯಾಕಂದರೆ ಸಂಜೆಯ ರೋಗಕ್ಕೆ ಮದ್ದು ಹಾಕಲು ಪೂರ್ತಿ ಹಿಡಿತ ನಮ್ಮ ರೂಟರ್‌ನಲ್ಲೇ ಇರಬೇಕು. ಒಎನ್‌ಟಿಯ ಒಳಗಿನ ಸೆಟ್ಟಿಂಗ್ ಫೈಬರ್‌ನವರು ಲಾಕ್ ಮಾಡಿದ್ದರು, ಹಾಗಾಗಿ ಅವರ ಹುಡುಗನನ್ನೇ ಕರೆಸಿದೆವು.

"ಅಣ್ಣಾ, ಬ್ರಿಡ್ಜ್ ಮಾಡಿಕೊಡ್ತೀನಿ, ಆದ್ರೆ ನಾಳೆ ನೆಟ್ ಹೋತು ಅಂತ ನಮಗ ಫೋನ್ ಮಾಡಬ್ಯಾಡ್ರಿ" ಅಂದ.

"ತಮ್ಮಾ, ಕೆಂಪು ದೀಪ ಬಂದ್ರ ಮಾತ್ರ ಮಾಡ್ತೀವಿ" ಅಂದೆ. ನಕ್ಕ. ಒಎನ್‌ಟಿಯ ಎಲ್‌ಒಎಸ್ ದೀಪ ಕೆಂಪಾದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಅಂತ ಅರ್ಥ, ಆಗ ನಮ್ಮ ರೂಟರ್ ತಿರುವಿದರೆ ಏನೂ ಆಗಲ್ಲ. ಅವನಿಂದ ಪಿಪಿಪಿಒಇ ಹೆಸರು, ಪಾಸ್‌ವರ್ಡ್, ವಿಲ್ಯಾನ್ ನಂಬರ್ ಮೂರನ್ನೂ ಬರೆಸಿಕೊಂಡೆ. ವಿಲ್ಯಾನ್ ನಂಬರ್ ಅಂದರೆ ಒಂದೇ ಲೈನಿನಲ್ಲಿ ಇಂಟರ್ನೆಟ್ಟಿನ ದಾರಿ ಯಾವುದು ಅಂತ ಗುರುತಿಸುವ ಸಂಖ್ಯೆ, ಅದನ್ನು ಮರೆತರೆ ಲಾಗಿನ್ ಆಗುವುದೇ ಇಲ್ಲ, ಹುಡುಗ ಬೈಕ್ ಹತ್ತಿ ಹೋಗಿರುತ್ತಾನೆ. ಹೋಗುವ ಮುಂಚೆ ಆಪ್ಟಿಕಲ್ ಪವರ್, ಅಂದರೆ ಫೈಬರ್‌ನಲ್ಲಿ ಬರುವ ಬೆಳಕಿನ ಬಲ, ಎಷ್ಟಿದೆ ತೋರಿಸು ಅಂದೆ. ಮೈನಸ್ 22 ಡಿಬಿಎಂ. ಮೈನಸ್ 27ರ ಕೆಳಗೆ ಜಾರದಿದ್ದರೆ ಚಿಂತೆ ಇಲ್ಲ.

ಪಡಸಾಲೆಯ ಹಳೇ ರೂಟರ್ ತೆಗೆದು ನನ್ನ ಹತ್ತಿರ ಸುಮ್ನೆ ಬಿದ್ದಿದ್ದ ಡ್ಯುಯಲ್ ಬ್ಯಾಂಡ್ ರೂಟರ್ ಹಾಕಿದೆ. ಅದರಲ್ಲಿ ಮೊದಲೇ ಓಪನ್‌ಡಬ್ಲ್ಯುಆರ್‌ಟಿ ಹಾಕಿಟ್ಟಿದ್ದೆ. ಲಿನಕ್ಸ್ ಆಧಾರದ ಉಚಿತ ಫರ್ಮ್‌ವೇರ್ ಅದು. ಲಾಗಿನ್ ಆಯಿತು, ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ತಾನಾಗಿಯೇ 1492 ಬೈಟ್ ಆಯಿತು. ಪಿಪಿಪಿಒಇ 8 ಬೈಟ್ ತಿನ್ನುವುದರಿಂದ 1500ರಲ್ಲಿ ಅಷ್ಟು ಕಮ್ಮಿ, ಅದನ್ನು ಮುಟ್ಟಬೇಕಾಗಿಲ್ಲ.

ಈಗ ಮೂರನೇ ಬಾಗಿಲು. ರೂಟರ್‌ನ ವಾನ್ ವಿಳಾಸ, ಅಂದರೆ ಅದರ ಹೊರಬದಿಯ ವಿಳಾಸ, ಈಗಲೂ 100.72ರಲ್ಲೇ ಇತ್ತು. 100.64ರಿಂದ 100.127ರವರೆಗಿನ ಯಾವ ವಿಳಾಸ ಕಂಡರೂ ಅದು ಸಿಜಿನ್ಯಾಟ್, ಅಂದರೆ ಕಂಪನಿ ಒಂದೇ ಹೊರವಿಳಾಸವನ್ನು ಹತ್ತಾರು ಮನೆಗೆ ಹಂಚಿದೆ. ಇದಕ್ಕೆಂದೇ ಆ ಸಾಲನ್ನು 2012ರಲ್ಲಿ ಬೇರೆ ಎತ್ತಿಟ್ಟರು. ಅವರನ್ನು ಬೈದು ಪ್ರಯೋಜನ ಇಲ್ಲ ಬಿಡಿ. ಇಂಟರ್ನೆಟ್ಟಿನ ಹಳೇ ಮಾದರಿಯ, ಐಪಿವಿ4 ಅನ್ನುವ ವಿಳಾಸ ಇರೋದೇ ಸುಮಾರು 430 ಕೋಟಿ, ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಹಂಚುವ ಎಪಿನಿಕ್ ಸಂಸ್ಥೆಯ ಮಾಮೂಲಿ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಮುಗಿಯಿತು. ಆದರೆ ಸಿಜಿನ್ಯಾಟ್ ಹಿಂದೆ ಕೂತು ಮನೆಯ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡೋದು, ಅಂದರೆ ಇಂಥ ನಂಬರಿನ ಕಿಂಡಿಗೆ ಬಂದದ್ದನ್ನು ಈ ಕನ್ಸೋಲ್‌ಗೇ ಕಳಿಸು ಅಂತ ಬರೆದಿಡೋದು, ದಂಡ. ಎಷ್ಟೋ ಹುಡುಗರು ವಿಡಿಯೋ ನೋಡಿ ಪೋರ್ಟ್ ನಂಬರ್ ತುಂಬುತ್ತಾ ಕೂರುತ್ತಾರೆ, ಹೊರಗಿನ ಬಾಗಿಲೇ ಬೇರೆಯವರ ಕೈಯಲ್ಲಿದೆ ಅಂತ ಯಾರೂ ಹೇಳಿರಲ್ಲ. ಮೊದಲು ವಾನ್ ವಿಳಾಸ ನೋಡಿ. ಹೊರಗಿನ ವೆಬ್‌ಸೈಟ್ ತೋರಿಸುವ ವಿಳಾಸವೂ ಅದೂ ಒಂದೇ ಇದ್ದರೆ ಮಾತ್ರ ಮುಂದಿನ ಕೆಲಸ.

ಹಂಚಿಕೊಳ್ಳದ ಸ್ವಂತ ಹೊರವಿಳಾಸಕ್ಕೆ, ಅಂದರೆ ಪಬ್ಲಿಕ್ ಐಪಿಗೆ, ಫೈಬರ್‌ನವರು ತಿಂಗಳಿಗೆ ಬೇರೆ ದುಡ್ಡು ಕೇಳಿದರು. ಭಾವ ಮುಖ ಸಿಂಡರಿಸಿದರು. ಸರ್ವರ್‌ನಲ್ಲಿ ನಡೆಯುವ ಆಟ ಮಾತ್ರ ಆಡುವುದಾದರೆ ನಾನೂ ಬೇಡ ಅನ್ನುತ್ತಿದ್ದೆ. ಆದರೆ ಯುನಿಟ್ಟಿನ ಸಿಸಿಟಿವಿಗೂ ಮುಂದೆ ಹೊರಗಿಂದ ಸೇರಲು ವಿಪಿಎನ್ ಮಾಡಿಕೊಡಬಹುದು ಅಂದಾಗ ಒಪ್ಪಿದರು. ಹೊಸ ವಿಳಾಸ ಬಂತು.

ಆಮೇಲೆ ಪಿಎಸ್4ಗೆ ಮನೆಯೊಳಗೆ ಒಂದೇ ವಿಳಾಸ ಖಾಯಂ ಮಾಡಿದೆ, ರೂಟರ್ ವಿಳಾಸ ಹಂಚುವ ಡಿಎಚ್‌ಸಿಪಿ ಲೀಸ್ ಪಟ್ಟಿಯಲ್ಲಿ ಅದರ ಮ್ಯಾಕ್ ನಂಬರ್, ಅಂದರೆ ಯಂತ್ರದ ಸ್ವಂತ ಗುರುತಿನ ನಂಬರ್, ಹಾಕಿ 192.168.1.50. ಪೋರ್ಟ್‌ಗಳಲ್ಲಿ ಟಿಸಿಪಿ, ಯುಡಿಪಿ ಅಂತ ಎರಡು ಬಗೆ, ಪ್ಲೇಸ್ಟೇಷನ್‌ಗೆ ಟಿಸಿಪಿ 1935, 3478ರಿಂದ 3480, ಯುಡಿಪಿ 3074, 3478, 3479 ಬೇಕಾಗುತ್ತವೆ. ಕೈಯಲ್ಲಿ ಫಾರ್ವರ್ಡ್ ಮಾಡಬಹುದು. ಇಲ್ಲ ಅಂದರೆ ಯುಪಿಎನ್‌ಪಿ ಆನ್ ಮಾಡಿದರೆ ಕನ್ಸೋಲ್ ತನಗೆ ಬೇಕಾದ್ದು ತಾನೇ ತೆರೆಸಿಕೊಳ್ಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯುಪಿಎನ್‌ಪಿ ಕೇಳಿದವರಿಗೆಲ್ಲ ಬಾಗಿಲು ತೆರೆಯುತ್ತದೆ, ಕೇಳುವವನು ಪಿಎಸ್4 ಮಾತ್ರ ಅಲ್ಲ. ಯುನಿಟ್ಟಿನ ಡಿವಿಆರ್, ಅಂದರೆ ಸಿಸಿಟಿವಿ ರೆಕಾರ್ಡ್ ಮಾಡುವ ಡಬ್ಬ, ಕೂಡ ಕೇಳುತ್ತದೆ. ಅದರ ಪಾಸ್‌ವರ್ಡ್ ನೋಡಿದರೆ ಡಬ್ಬದ ಮೇಲೆ ಬರೆದದ್ದೇ ಇತ್ತು. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಜಗತ್ತಿನಾದ್ಯಂತ ಹಿಡಿದದ್ದು ಇಂಥವನ್ನೇ, ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್, ರೂಟರ್. ಪಬ್ಲಿಕ್ ಐಪಿ ಬಂದ ಮೇಲೆ ಈ ಭಯ ಜಾಸ್ತಿಯೇ. ಹಾಗಾಗಿ ಡಿವಿಆರ್ ಪಾಸ್‌ವರ್ಡ್ ಬದಲಿಸಿದೆ, ಓಪನ್‌ಡಬ್ಲ್ಯುಆರ್‌ಟಿಯ ಯುಪಿಎನ್‌ಪಿ ಪಟ್ಟಿಯಲ್ಲಿ 192.168.1.50ಕ್ಕೆ ಮಾತ್ರ ಅನುಮತಿ, ಉಳಿದವರಿಗೆಲ್ಲ ಇಲ್ಲ ಅಂತ ಬರೆದೆ. ಪಿಎಸ್4 ಆಫ್ ಮಾಡಿ ಆನ್ ಮಾಡಿ ಟೆಸ್ಟ್ ಹಾಕಿದರೆ ನ್ಯಾಟ್ ಟೈಪ್ 2. ಅವತ್ತೇ ರಾಯಚೂರಿನವನ ದನಿ ಬಂತು. ಮೊದಲ ಮಾತೇ "ಲೇ, ಕೇಳ್ತದೇನೋ?".

ಇನ್ನು ಸಂಜೆಯ ರೋಗ. ಏಳು ಗಂಟೆ ಆಗುತ್ತಿದ್ದಂತೆ ಲ್ಯಾಗ್. ಏರಿಯಾದವರೆಲ್ಲ ನೆಟ್ ಹಾಕ್ತಾರೆ ಅದಕ್ಕೆ ಅಂತ ಎಲ್ಲರ ತೀರ್ಪು. ನಾನು ಲ್ಯಾಪ್‌ಟಾಪ್‌ನಲ್ಲಿ ಪಿಂಗ್, ಅಂದರೆ ಪ್ಯಾಕೆಟ್ ಹೋಗಿ ಬರುವ ಹೊತ್ತು ಅಳೆಯುವುದನ್ನು, ಬಿಟ್ಟು ಸುಮ್ನೆ ಕೂತೆ. 22, 23, 22 ಮಿಲಿಸೆಕೆಂಡ್. ಇದ್ದಕ್ಕಿದ್ದಂತೆ 310, 380, 365. ಕೆಳಗೆ ಇಳಿದು ನೋಡಿದರೆ ಭಾವ ಅವತ್ತಿನ ಪ್ಯಾಂಟುಗಳ ವಿಡಿಯೋಗಳನ್ನು ವ್ಯಾಪಾರಿಗಳಿಗೆ ವಾಟ್ಸ್ಆ್ಯಪ್ ಮಾಡುತ್ತಿದ್ದರು, ಅಕ್ಕನ ಫೋನು ಫೋಟೋ ಬ್ಯಾಕಪ್ ಮಾಡುತ್ತಿತ್ತು, ಕ್ಯಾಮೆರಾ ಕ್ಲೌಡಿಗೆ ಏರಿಸುತ್ತಿತ್ತು. ಏರಿಯಾದವರ ತಪ್ಪೇನಿಲ್ಲ, ಮನೆಯ ಅಪ್‌ಲೋಡೇ ತುಂಬಿತ್ತು.

ಅಪ್‌ಲೋಡ್ ತುಂಬಿದಾಗ ಡಬ್ಬದೊಳಗಿನ ಬಫರ್‌ನಲ್ಲಿ ಪ್ಯಾಕೆಟ್‌ಗಳು ಸಾಲು ನಿಲ್ಲುತ್ತವೆ. ಆಟದ ಪ್ಯಾಕೆಟ್ ಪುಟ್ಟದು, ಅದಕ್ಕೆ ಸ್ಪೀಡ್ ಬೇಡ, ಸರದಿ ಬೇಗ ಬರಬೇಕು. ಅದು ಭಾವನ ವಿಡಿಯೋ ಹಿಂದೆ ನಿಲ್ಲುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರಿಟ್ಟವರು ಜಿಮ್ ಗೆಟಿಸ್. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಅನ್ನೋ ಉಪಾಯ ಕೊಟ್ಟರು, ಸಾಲು ಎಷ್ಟು ಉದ್ದ ಅನ್ನೋದಕ್ಕಿಂತ ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಅಂತ ನೋಡುವ ವಿಧಾನ. ಅದೇ ಬೆಳೆದು ಎಫ್‌ಕ್ಯೂ-ಕೋಡೆಲ್, ಕೇಕ್ ಆದವು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಈ ಸಾಲು ನಿಭಾಯಿಸುವ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿದರೆ ಕೇಕ್ ಸಿಗುತ್ತದೆ.

ಗುಟ್ಟು ಇಷ್ಟೇ: ಲೈನಿನ ನಿಜವಾದ ಸ್ಪೀಡಿಗಿಂತ ಸ್ವಲ್ಪ ಕಮ್ಮಿ ಹಾಕಬೇಕು, ಆಗ ಸಾಲು ಫೈಬರ್‌ನವರ ಡಬ್ಬದಲ್ಲಿ ನಿಲ್ಲದೆ ನಮ್ಮ ರೂಟರ್‌ನಲ್ಲೇ ನಿಲ್ಲುತ್ತದೆ, ಯಾರನ್ನು ಮುಂದೆ ಬಿಡಬೇಕು ಅಂತ ನಾವು ಹೇಳಬಹುದು. 96ಕ್ಕೆ 87, 48ಕ್ಕೆ 43 ಹಾಕಿದೆ. ಪ್ರತಿ ಪ್ಯಾಕೆಟ್ಟಿಗೆ ಅಂಟಿಕೊಂಡು ಹೋಗುವ ಹೆಚ್ಚುವರಿ ಭಾರ, ಅಂದರೆ ಓವರ್‌ಹೆಡ್, 44 ಬೈಟ್. ಪ್ರೊಸೆಸರ್ ಬಿಟ್ಟು ಅಡ್ಡದಾರಿಯಲ್ಲಿ ಪ್ಯಾಕೆಟ್ ದಾಟಿಸುವ ಹಾರ್ಡ್‌ವೇರ್ ಆಫ್‌ಲೋಡ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಪ್ಯಾಕೆಟ್ ಈ ಸಾಲಿಗೆ ಬರದೆ ಪಕ್ಕದಿಂದ ನುಸುಳಿಬಿಡುತ್ತವೆ. ಭಾವನಿಗೆ ದೊಡ್ಡ ವಿಡಿಯೋ ಕಳಿಸಿ ಅಂದೆ. ಪಿಂಗ್ 24, 27, 25. ಸ್ಪೀಡ್ ಟೆಸ್ಟ್‌ನಲ್ಲಿ 9 ಎಂಬಿಪಿಎಸ್ ಕಮ್ಮಿ ಆಯ್ತಲ್ಲ ಅಂತ ಅಳಿಯ ಗೊಣಗಿದ. ಆಡೋಕೆ ಕೂತ ಮೇಲೆ ಆ ಮಾತು ಎತ್ತಲಿಲ್ಲ. 500, 1000 ಎಂಬಿಪಿಎಸ್ ಲೈನ್ ಇದ್ದವರಿಗೆ ಒಂದು ಮಾತು: ಹಳೇ ರೂಟರ್‌ನ ಪ್ರೊಸೆಸರ್ ಅಷ್ಟಕ್ಕೆ ಸಾಲಲ್ಲ, ಸುಸ್ತಾಗುತ್ತದೆ.

ಡಿಎನ್‌ಎಸ್ ಬದಲಿಸಿದರೆ ಪಿಂಗ್ ಇಳಿಯುತ್ತೆ ಅನ್ನೋದು ಬರೀ ಮಾತು. ಅದು ಹೆಸರನ್ನು ವಿಳಾಸ ಮಾಡುತ್ತದೆ, ಆಟ ಶುರುವಾದ ಮೇಲೆ ಅದಕ್ಕೆ ಕೆಲಸವೇ ಇಲ್ಲ. ದೂರಕ್ಕೂ ಯಾವ ರೂಟರ್ ಮದ್ದಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬಳ್ಳಾರಿಯಿಂದ ಮುಂಬೈ ನೇರ ಗೆರೆಯಲ್ಲಿ 600 ಕಿಲೋಮೀಟರ್ ಆಸುಪಾಸು, ಹೋಗಿ ಬರೋಕೆ ಬೆಳಕಿಗೇ 6 ಮಿಲಿಸೆಕೆಂಡ್. ಸಿಂಗಾಪುರ 3300 ಅಂದರೆ 33. ಕೇಬಲ್ ನೇರ ಹೋಗಲ್ಲ, ನಡುವೆ ಹತ್ತಾರು ಡಬ್ಬ, ಹಾಗಾಗಿ ನಿಜದಲ್ಲಿ ಇನ್ನೂ ಜಾಸ್ತಿಯೇ. ಆಟದಲ್ಲಿ ಸರ್ವರ್ ಆರಿಸೋಕೆ ಬಿಟ್ಟರೆ ಮುಂಬೈ ಆರಿಸಿ.

ಉಳಿದದ್ದು ಬಿಸಿಲು ಮತ್ತು ಕರೆಂಟು. ಮನೆ ರೂಟರ್‌ಗಳ ಕಾಗದದಲ್ಲಿ ಸಾಮಾನ್ಯವಾಗಿ 40 ಡಿಗ್ರಿವರೆಗೆ ಅಂತ ಬರೆದಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಲ್ಲಿ ಹೊರಗೇ ಅದು ದಾಟುತ್ತದೆ, ಗಾಜಿನ ಶೋಕೇಸಿನೊಳಗೆ ಸೆಟ್‌ಟಾಪ್ ಬಾಕ್ಸ್ ಮೇಲೆ ಕೇಳಬೇಕಾ? ಗೋಡೆಗೆ ಮರದ ಸಣ್ಣ ಹಲಗೆ ಹೊಡೆದು ರೂಟರ್ ಅಲ್ಲಿಟ್ಟೆವು. ಕರೆಂಟ್ ಹೋದಾಗ ಇನ್ವರ್ಟರ್ ಎತ್ತಿಕೊಳ್ಳುವಷ್ಟರಲ್ಲಿ ರೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಇನ್ವರ್ಟರ್‌ನ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ಗೆ ತಿರುಗಿಸಿದ ಮೇಲೆ ಅದು ನಿಂತಿತು. ಇನ್ವರ್ಟರ್ ಇಲ್ಲದ ಮನೆಗೆ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಸಿಗುತ್ತದೆ, ಆದರೆ ಒಎನ್‌ಟಿ, ರೂಟರ್ ಎರಡಕ್ಕೂ ಬೇಕು. ಒಂದಕ್ಕೇ ಹಾಕಿದರೆ ಹಾಕದಿದ್ದ ಹಾಗೇ.

ಪಕ್ಕದ ಮನೆ ಹುಡುಗ ತನ್ನ ಎಕ್ಸ್‌ಬಾಕ್ಸ್ ತಂದು ಹಾಕಿದಾಗ ಅದು ಮಾಡರೇಟ್ ತೋರಿಸಿತು, ಯಾಕಂದರೆ ಪಟ್ಟಿಯಲ್ಲಿ ಅದರ ವಿಳಾಸ ಇರಲಿಲ್ಲ. ಅದಕ್ಕೂ 192.168.1.51 ಕೊಟ್ಟು ಸೇರಿಸಿದೆ. ಎಕ್ಸ್‌ಬಾಕ್ಸ್‌ಗೂ 3074 ಬೇಕು, ಒಂದು ಪೋರ್ಟ್ ಇಬ್ಬರಿಗೆ ಕೊಡೋಕೆ ಆಗಲ್ಲ. ಅದರ ನೆಟ್‌ವರ್ಕ್ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಬೇರೆ ಪೋರ್ಟ್ ಆರಿಸಿದ ಮೇಲೆ ಓಪನ್ ಆಯಿತು. ರೂಟರ್‌ನ ಬ್ಯಾಕಪ್ ಫೈಲ್ ಭಾವನ ಕಂಪ್ಯೂಟರ್‌ನಲ್ಲಿದೆ, ಪಿಪಿಪಿಒಇ ಚೀಟಿ ಮೀಟರ್ ಬೋರ್ಡಿನ ಬಾಗಿಲೊಳಗೆ ಅಂಟಿಸಿದೆ. ಫೈಬರ್‌ನವರು ಯಾವತ್ತಾದರೂ ಒಎನ್‌ಟಿ ಬದಲಿಸಿದರೆ ಬ್ರಿಡ್ಜ್ ಹೋಗಿರುತ್ತದೆ. ಆಗ ಪಿಪಿಪಿಒಇ ಲಾಗಿನ್ ಆಗದೆ ನೆಟ್ಟೇ ಬರಲ್ಲ, ಒಎನ್‌ಟಿಯಲ್ಲಿ ಕೆಂಪು ದೀಪವೂ ಇರಲ್ಲ. ಹಾಗೆ ಕಂಡರೆ ಅದೇ ಹುಡುಗನಿಗೆ ಫೋನ್ ಮಾಡು ಅಂತ ಅಳಿಯನಿಗೆ ಹೇಳಿದ್ದೇನೆ.